ಮಕ್ಕಳಿಗೆ ರೂತಳ ಕಥೆ: ಆಣೆಯ ಮಾತಿಗಿಂತ ಹಕ್ಕಲಾಯ್ದ ಹೊಲ ಮುಖ್ಯ

ಕೇಳಿದ್ದು:

ಎಲ್ಲರಿಗೂ ವಂದನೆ. ಕನ್ನಡ ಆರಾಧನೆಯ ಜೊತೆ ನಡೆಯುವ ಮಕ್ಕಳ ತರಗತಿಗೆ ನಾಲ್ಕು ವಾರ ಬೈಬಲಿನ ರೂತಳ ಪುಸ್ತಕ ತೆಗೆದುಕೊಳ್ಳಬೇಕೆಂದಿದೆ. ಮಕ್ಕಳಿಗೆ 8ರಿಂದ 12 ವರ್ಷ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಹೊರದೇಶದಲ್ಲಿ. ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. "ಅತ್ತೆಯನ್ನು ಕೈಬಿಡದ ಒಳ್ಳೆಯ ಸೊಸೆ" ಅಂತ ಹೇಳಿ ನಿಲ್ಲಿಸದೆ ಮುಂದೆ ಹೋಗುವುದು ಹೇಗೆ?

ಉತ್ತರ:

ಅಕ್ಕಾ, ನಾಲ್ಕು ಅಧ್ಯಾಯ, 85 ವಚನ, ನಾಲ್ಕು ವಾರಕ್ಕೆ ಸರಿಹೋಗುತ್ತದೆ. ಆದರೆ ಸಮ ಪಾಲು ಮಾಡಬೇಡಿ. ಎರಡನೆಯ ಅಧ್ಯಾಯಕ್ಕೆ ಎರಡು ವಾರ ಕೊಡಿ. ಮೂರು, ನಾಲ್ಕನ್ನು ಕೊನೆಯ ವಾರಕ್ಕೆ ಸೇರಿಸಿ.

ಕಾರಣ ಇದು. ಎಲ್ಲರೂ 1:16ಕ್ಕೆ (ಒಂದನೆಯ ಅಧ್ಯಾಯ, 16ನೇ ವಚನ) ಓಡುತ್ತಾರೆ. ಮೋವಾಬ್ ದೇಶದ ವಿಧವೆ ರೂತಳು ತನ್ನೂರು ಬೇತ್ಲೆಹೇಮಿಗೆ ಮರಳುತ್ತಿದ್ದ ಅತ್ತೆ ನೊವೊಮಿಗೆ ಇಟ್ಟ ಆಣೆ ಅದು: ನಿನ್ನ ಜನವೇ ನನ್ನ ಜನ, ನಿನ್ನ ದೇವರೇ ನನ್ನ ದೇವರು. ಅಷ್ಟು ದೊಡ್ಡ ಮಾತಾಡಿದವಳಿಗೆ ಸಿಕ್ಕ ಉತ್ತರ ಏನು ಅಂತ ಯಾರೂ ನೋಡುವುದಿಲ್ಲ. 18ನೇ ವಚನದಲ್ಲಿ ನೊವೊಮಿ ಸುಮ್ಮನಾಗುತ್ತಾಳೆ, ಅಷ್ಟೇ. ಬೇತ್ಲೆಹೇಮಿಗೆ ಬಂದ ಮೇಲೆ ಊರ ಹೆಂಗಸರ ಮುಂದೆ, "ತುಂಬಿದವಳಾಗಿ ಹೋದೆ, ದೇವರು ನನ್ನನ್ನು ಬರಿಗೈಯಲ್ಲಿ ಕರೆತಂದ" ಎನ್ನುತ್ತಾಳೆ. ಗಂಡ, ಇಬ್ಬರು ಗಂಡುಮಕ್ಕಳು, ಮೂವರನ್ನೂ ಮಣ್ಣು ಮಾಡಿ ಬಂದವಳ ಸಂಕಟ ಅದು, ತಪ್ಪು ಹಿಡಿಯುವಂತಿಲ್ಲ. ಆದರೂ ಜೊತೆಗೆ ಬಂದ ರೂತಳು ಆ ಲೆಕ್ಕದಲ್ಲೇ ಇಲ್ಲ. ಹಾಗೆ ಲೆಕ್ಕಕ್ಕಿಲ್ಲದವಳು ಮುಂದೆ ಆಡುವ ಮೊದಲ ಮಾತು, "ಹೊಲಕ್ಕೆ ಹೋಗಿ ತೆನೆ ಆಯ್ದುಕೊಂಡು ಬರಲೇ?" ಧೈರ್ಯದ ಪಾಠ ಶುರುವಾಗುವುದು ಇಲ್ಲಿಂದ.

ಮೊದಲ ವಾರ ಭೂಪಟ ಇರಲಿ. ಇಬ್ಬರೂ ಹೊರಟ ಮೋವಾಬ್ ಮೃತ ಸಮುದ್ರದ ಪೂರ್ವಕ್ಕೆ, ಈಗಿನ ಜೋರ್ಡಾನಿನಲ್ಲಿ. ಬೇತ್ಲೆಹೇಮ್ ಪಶ್ಚಿಮದ ಗುಡ್ಡದ ಮೇಲೆ, ಸಮುದ್ರಮಟ್ಟಕ್ಕಿಂತ 750 ಮೀಟರಿಗೂ ಎತ್ತರದಲ್ಲಿ. ಮೃತ ಸಮುದ್ರದ ದಂಡೆಯೋ ಸಮುದ್ರಮಟ್ಟಕ್ಕಿಂತ ಸುಮಾರು 400 ಮೀಟರ್ ಕೆಳಗೆ. ಉತ್ತರದ ತುದಿ ಬಳಸಿ ಬಂದರೆ ಒಂದು ಗುಡ್ಡ ಇಳಿದು, ಆ ಆಳದ ಕಣಿವೆ ದಾಟಿ, ಇನ್ನೊಂದು ಗುಡ್ಡ ಹತ್ತಬೇಕು. ಕಾಯುವ ಗಂಡಸರಿಲ್ಲದ ಇಬ್ಬರು ವಿಧವೆಯರಿಗೆ ಇದು ಹಲವು ದಿನಗಳ ನಡಿಗೆ. ಮಕ್ಕಳು ಜೇಡಿಮಣ್ಣಿನಲ್ಲಿ ಈ ಏರಿಳಿತ ಮಾಡಿ ನೋಡಿದರೆ "ಹೋದರು" ಎಂಬ ಒಂದು ಪದದ ತೂಕ ಗೊತ್ತಾಗುತ್ತದೆ.

ನೊವೊಮಿಯ ಇನ್ನೊಬ್ಬ ಸೊಸೆ ಒರ್ಫಾಳನ್ನು ಕೆಟ್ಟವಳನ್ನಾಗಿ ಮಾಡಬೇಡಿ. ಅವಳೂ ಅತ್ತಳು, ಮುದ್ದಿಟ್ಟಳು, ಅತ್ತೆ ಹೇಳಿದಂತೆಯೇ ತವರಿಗೆ ತಿರುಗಿದಳು. ಗ್ರಂಥದಲ್ಲಿ ಅವಳ ಮೇಲೆ ಒಂದೇ ಒಂದು ಆಕ್ಷೇಪದ ಮಾತಿಲ್ಲ. ನಮ್ಮ ಮಕ್ಕಳ ಚಿಕ್ಕಪ್ಪ, ಸೋದರತ್ತೆಯರಲ್ಲಿ ಊರಿಗೆ ಮರಳಿದವರಿರುತ್ತಾರೆ. ಮರಳಿದವರೆಲ್ಲ ನಂಬಿಕೆ ಕಡಿಮೆಯವರು ಎಂಬ ಭಾವ ಮಕ್ಕಳ ತಲೆಗೆ ಹೋಗಬಾರದು.

ಇನ್ನು ಹೊಲ. "ಹಕ್ಕಲು" ಎಂಬ ಪದವನ್ನೇ ಕಲಿಸಿ. ಕೊಯ್ಲಾದ ಮೇಲೆ ಹೊಲದಲ್ಲಿ ಉಳಿದ, ಉದುರಿದ ತೆನೆ ಹಕ್ಕಲು. ಅದನ್ನು ಹೆಕ್ಕುವುದು ಹಕ್ಕಲಾಯುವುದು. ರಾಗಿ, ಜೋಳದ ಸೀಮೆಯ ಅಜ್ಜಿಯರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಯಾಜಕಕಾಂಡ 19:9-10 ಮತ್ತು 23:22ರ ಪ್ರಕಾರ ಹೊಲದ ಅಂಚನ್ನು ಪೂರ್ತಿ ಕೊಯ್ಯುವಂತಿಲ್ಲ, ಹಕ್ಕಲನ್ನು ಹೊಲದವನೇ ಆಯುವಂತಿಲ್ಲ. ಅದು ಬಡವರಿಗೆ ಮತ್ತು ಪರದೇಶದವರಿಗೆ ಸೇರಿದ್ದು. ಹಾಗಾಗಿ ರೂತಳು ಭಿಕ್ಷೆಗೆ ಹೋದವಳಲ್ಲ, ನಿಯಮ ಕೊಟ್ಟ ಪಾಲಿಗೆ ಹೋದವಳು. ಆದರೂ "ಯಾರ ದಯೆ ಸಿಗುತ್ತದೋ ಅವರ ಹಿಂದೆ" ಎನ್ನುತ್ತಾಳೆ, ಯಾಕೆಂದರೆ ನಿಯಮ ಇದ್ದರೂ ನಡೆಸುವವರು ಬೇಕಲ್ಲ. ಆಳುಗಳು ಕಾಟ ಕೊಡಬಾರದೆಂದು ಹೊಲದ ಯಜಮಾನ, ನೊವೊಮಿಯ ಗಂಡನ ಸಂಬಂಧಿ ಬೋವಜ ಅಪ್ಪಣೆ ಕೊಡುತ್ತಾನೆ. ಬೇರೆ ಹೊಲದಲ್ಲಾದರೆ ಅಪಾಯ ಎಂದು ನೊವೊಮಿಯೂ ಹೇಳುತ್ತಾಳೆ. ಭಯಕ್ಕೆ ನಿಜವಾದ ಕಾರಣ ಇತ್ತು. ಈ ವಯಸ್ಸಿನವರಿಗೆ ಅಷ್ಟು ಹೇಳಿದರೆ ಸಾಕು.

ಒಂದು ಲೆಕ್ಕ ಮಾಡಿಸಿ. ಆ ದಿನ ಸಂಜೆ ಬಡಿದಾಗ ಸಿಕ್ಕದ್ದು ಸುಮಾರು ಒಂದು ಏಫ ಜವೆಗೋಧಿ, ಅಂದರೆ ಬಾರ್ಲಿ. ಏಫ ಆ ಕಾಲದ ಕಾಳಿನ ಅಳತೆ. ಅದಕ್ಕೆ 22 ಲೀಟರ್ ಎಂಬ ಲೆಕ್ಕ ಹಿಡಿದರೆ ತೂಕ 13 ಕಿಲೋ ಆಸುಪಾಸು. ಒಂದು ತೆನೆಯಲ್ಲಿ 25-30 ಕಾಳು, ಸಾವಿರ ಕಾಳಿಗೆ 40 ಗ್ರಾಂ ಅಂದುಕೊಂಡರೆ ತೆನೆಗೆ ಬರುವುದು ಒಂದು ಗ್ರಾಂ ಚಿಲ್ಲರೆ. 13 ಕಿಲೋಗೆ ಹತ್ತು ಸಾವಿರಕ್ಕೂ ಹೆಚ್ಚು ತೆನೆ! ಬಗ್ಗಿ ಎದ್ದು, ಬಗ್ಗಿ ಎದ್ದು ಅಷ್ಟನ್ನು ಒಂದೇ ದಿನದಲ್ಲಿ ಒಬ್ಬಳು ಆಯಲು ಸಾಧ್ಯವೇ ಅಂತ ಮಕ್ಕಳೇ ಕೇಳುತ್ತಾರೆ. ಆಗ 2:16 ಓದಿ: ಸಿವುಡಿನಿಂದಲೇ (ತೆನೆಯ ಕಟ್ಟಿನಿಂದಲೇ) ಕಿತ್ತು ಅವಳಿಗೆ ಬೀಳಿಸಿ ಬಿಡಿ, ಗದರಿಸಬೇಡಿ ಎಂದು ಬೋವಜ ಆಳುಗಳಿಗೆ ಹೇಳಿದ್ದ. ಅವಳ ಬೆನ್ನುನೋವು, ಅವನ ಧಾರಾಳ, ಎರಡೂ ಸೇರಿದ್ದಕ್ಕೆ ಆ ಏಫ ತುಂಬಿತು.

ಹೂವಿನ ಅಂಗಡಿಗಳಲ್ಲಿ ಒಣಗಿದ ಗೋಧಿ ತೆನೆಯ ಕಟ್ಟು ಸಿಗುತ್ತದೆ. ದಪ್ಪ ಚಾದರ ಹಾಸಿ ತೆನೆ ಹರಡಿ, ಹತ್ತು ನಿಮಿಷ ಆಯಲು ಬಿಡಿ, ಉಜ್ಜಿ ಕಾಳು ಬಿಡಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಬಣ್ಣ ಹಚ್ಚಿದ ಕಟ್ಟು ಬೇಡ. ಗೋಧಿ ಅಲರ್ಜಿ ಇರುವ ಮಕ್ಕಳಿದ್ದಾರೆಯೇ ಎಂದು ಮೊದಲೇ ವಿಚಾರಿಸಿ. ಅಂಗಡಿಯ ಹೊಳಪಿನ ಬಾರ್ಲಿ ಚೆಲ್ಲಿ ಹೆಕ್ಕಿಸಿದರೆ ಅದು ಆಟವಾಗುತ್ತದೆ, ತೆನೆಯ ಅನುಭವ ಬರುವುದಿಲ್ಲ.

2:14 ಮತ್ತು 2:18ನ್ನು ಜೋಡಿಸಿ ಓದುವುದನ್ನು ಮರೆಯಬೇಡಿ. ಮಧ್ಯಾಹ್ನ ಬೋವಜ ಕೊಟ್ಟ ಹುರಿಗಾಳನ್ನು ತಿಂದು ಮಿಕ್ಕಿಸಿಕೊಳ್ಳುತ್ತಾಳೆ. ಸಂಜೆ ಅದನ್ನೇ ಅತ್ತೆಯ ಕೈಗೆ ಕೊಡುತ್ತಾಳೆ. ಹಿಡಿ ಹುರಿಗಾಳು! ಆಣೆಯ ಮಾತಿಗೆ ಬರದ ನೊವೊಮಿಯ ಬಾಯಿಗೆ ಆಶೀರ್ವಾದ ಬರುವುದು ಆಗ.

ಮತ್ತೊಬ್ಬರು:

ಸರ್, ಎರಡು ಸಂದೇಹ. "ನಿನ್ನ ಜನವೇ ನನ್ನ ಜನ" ಅಂದರೆ ಬಂದ ದೇಶದಲ್ಲಿ ಪೂರ್ತಿ ಕರಗಿಹೋಗು ಅಂತ ಮಕ್ಕಳು ತಿಳಿದರೆ? ಮತ್ತೆ ಮೂರನೇ ಅಧ್ಯಾಯದಲ್ಲಿ ರೂತಳು ಬೋವಜ ಮಲಗಿದ್ದ ಕಣಕ್ಕೆ ಹೋಗುವ ರಾತ್ರಿಯನ್ನು ಹೇಗೆ ಹೇಳುವುದು?

ಉತ್ತರ:

ಮೊದಲನೆಯದಕ್ಕೆ ಪುಸ್ತಕದಲ್ಲೇ ಉತ್ತರ ಇದೆ ಮೇಡಂ. ಆಣೆ ಇಟ್ಟ ಮೇಲೂ 1:22, 2:2, 2:21, 4:5, 4:10ರಲ್ಲಿ ಅವಳು "ಮೋವಾಬ್ಯಳಾದ ರೂತಳು". 2:6ರಲ್ಲಿ ಮೇಸ್ತ್ರಿಗೆ ಅವಳ ಹೆಸರೇ ಬೇಡ, "ಮೋವಾಬ್ ಹೆಣ್ಣು" ಅಷ್ಟೇ. ನೀವು ಓದುತ್ತಾ ಹೋದಂತೆ ಮಕ್ಕಳಿಗೆ ಈ ಜಾಗಗಳನ್ನು ಗುರುತಿಸಲು ಹೇಳಿ. ಧರ್ಮೋಪದೇಶಕಾಂಡ 23:3 ಮೋವಾಬ್ಯರನ್ನು ಇಸ್ರಾಯೇಲ್ಯರ ಸಭೆಯಿಂದ ಹೊರಗಿಡುತ್ತದೆ. ಆ ಹಣೆಪಟ್ಟಿ ಎಷ್ಟು ಭಾರ ಎಂಬುದು ದೊಡ್ಡ ಮಕ್ಕಳಿಗೆ ತಿಳಿಯಲಿ. ನಂಬಿಕೆ ಬದಲಾಯಿತು, ಹುಟ್ಟಿದ ನೆಲ ಅಳಿಸಲಿಲ್ಲ. 2:10ರ ಹೀಬ್ರೂವಿನಲ್ಲಿ "ಗುರುತಿಸು" ಮತ್ತು "ಪರದೇಶದವಳು" ಎಂಬ ಎರಡು ಪದಗಳು ಹತ್ತಿರ ಹತ್ತಿರದಲ್ಲೇ ಒಂದೇ ನಾದದಲ್ಲಿ ಬರುತ್ತವೆ: ಹೊರಗಿನವಳಾದ ನನ್ನನ್ನು ಗುರುತಿಸಿದೆಯಲ್ಲ, ಯಾಕೆ? ಶಾಲೆಯಲ್ಲಿ ಹೆಸರು ತಪ್ಪಾಗಿ ಕರೆಸಿಕೊಳ್ಳುವ ಮಗುವಿಗೆ ಈ ಪ್ರಶ್ನೆ ತಟ್ಟನೆ ಹತ್ತಿರವಾಗುತ್ತದೆ.

ನಂಬಿಕೆಯ ಬಗ್ಗೆಯೂ ಇದೇ ಕಣ್ಣಿಟ್ಟು ಓದಬೇಕು. ಇಲ್ಲಿ ಸಮುದ್ರ ಇಬ್ಭಾಗವಾಗುವುದಿಲ್ಲ, ದೇವದೂತ ಬರುವುದಿಲ್ಲ. ದೇವರು ಇಂಥದ್ದು ಮಾಡಿದನೆಂದು ಕಥೆ ಹೇಳುವ ದನಿ ನೇರವಾಗಿ ನುಡಿಯುವುದು ಎರಡೇ ಕಡೆ: 1:6ರಲ್ಲಿ ಬರದ ನಂತರ ಅನ್ನ, 4:13ರಲ್ಲಿ ರೂತಳಿಗೆ ಮಗು. ನಡುವಿನದೆಲ್ಲ ಜನರ ಬಾಯಿಂದ, ಜನರ ಕೈಯಿಂದ.

ಕಣದ ರಾತ್ರಿಗೆ "ಸೆರಗು" ಪದ ಹಿಡಿಯಿರಿ. 2:12ರಲ್ಲಿ ಬೋವಜ, ನೀನು ಇಸ್ರಾಯೇಲಿನ ದೇವರ ರೆಕ್ಕೆಯ ಮರೆಗೆ ಬಂದವಳು ಎಂದು ಹರಸಿದ್ದ. 3:9ರಲ್ಲಿ ರೂತಳು, ನಿನ್ನ ಬಟ್ಟೆಯ ಸೆರಗನ್ನು ನನ್ನ ಮೇಲೆ ಹಾಸು ಎನ್ನುತ್ತಾಳೆ. ಹೀಬ್ರೂವಿನಲ್ಲಿ ರೆಕ್ಕೆಗೂ ಸೆರಗಿಗೂ ಒಂದೇ ಪದ, ಕನಫ್. ನೀನು ಮಾಡಿದ ಪ್ರಾರ್ಥನೆಗೆ ನೀನೇ ಉತ್ತರವಾಗು ಎಂದು ಕೇಳಿದ ಹಾಗೆ. ಮಕ್ಕಳಿಗೆ "ಸಮೀಪ ಬಂಧುವಿನ ಹೊಣೆ ಹೊತ್ತು ಮದುವೆಯಾಗು ಎಂದು ಕೇಳಿದಳು" ಎಂದರೆ ಸಾಕು. ಗ್ರಂಥವೂ ಅಷ್ಟೇ ಹೇಳುತ್ತದೆ. ಬೆಳಗ್ಗೆ ಅವನು ಆರು ಅಳತೆ ಜವೆಗೋಧಿ ಕೊಡುತ್ತಾ ಆಡಿದ ಮಾತು, ಅತ್ತೆಯ ಬಳಿಗೆ "ಬರಿಗೈಯಲ್ಲಿ" ಹೋಗಬೇಡ. ಮೊದಲ ಅಧ್ಯಾಯದಲ್ಲಿ ನೊವೊಮಿ ಹೇಳಿಕೊಂಡ ಅದೇ "ಬರಿಗೈ".

ಕೊನೆಯ ವಾರದ ವಂಶಾವಳಿಯನ್ನು ಬಿಡಬೇಡಿ. ಬೋವಜನ ಪೂರ್ವಜ ಪೆರೆಚನಿಂದ ಅರಸ ದಾವೀದನವರೆಗೆ ಹತ್ತು ಹೆಸರು. ಹತ್ತು ಕುರ್ಚಿ ಸಾಲಾಗಿ ಇಟ್ಟು, ಕನ್ನಡದಲ್ಲಿ ಬರೆದ ಒಂದೊಂದು ಚೀಟಿ ಅಂಟಿಸಿ, ಮಕ್ಕಳಿಗೆ ಪರಿಚಯ ಇರುವ ದಾವೀದನಿಂದ ಹಿಂದಕ್ಕೆ ನೀವು ಓದಿ, ಅವರಿಂದ ಹೇಳಿಸಿ. ಆ ಪಟ್ಟಿಯಲ್ಲಿ ರೂತಳ ಹೆಸರಿಲ್ಲ. ಮತ್ತಾಯ 1:5 ತೆರೆದು ರೂತಳ ಹೆಸರಿನ ಹನ್ನೊಂದನೆಯ ಚೀಟಿ ಬರೆದು, ಬೋವಜನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸಿ.