ಪದಚರ್ಚೆ: ‘ಅರ್ಲಿ’, ‘ಲೇಟ್’ ಹಿಸ್ಟೋನ್ ಜೀನ್‌ಗಳಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಜೋಡಿ ಪದ ಎರಡು ವಾರದಿಂದ ನನ್ನ ಬರಹವನ್ನು ಕಟ್ಟಿಹಾಕಿದೆ, ನಿಮ್ಮ ಸಹಾಯ ಬೇಕು.

ಸೀ ಅರ್ಚಿನ್ ಬಗ್ಗೆ ಬರೆಯುತ್ತಿದ್ದೇನೆ. ಮೈತುಂಬ ಮುಳ್ಳಿರುವ, ಗುಂಡಗಿನ ಕಡಲಜೀವಿ. ಅದರ ಹಿಸ್ಟೋನ್ ಜೀನ್‌ಗಳಲ್ಲಿ (ಹಿಸ್ಟೋನ್ ಅನ್ನುವ ಪ್ರೋಟೀನ್ ತಯಾರಿಸುವ ಜೀನ್‌ಗಳು) ಎರಡು ಮುಖ್ಯ ಗುಂಪುಗಳಿವೆ: ಭ್ರೂಣದಲ್ಲಿ ಬೇಗ ಕೆಲಸಕ್ಕೆ ಇಳಿಯುವವು ಇಂಗ್ಲಿಷಿನಲ್ಲಿ ‘ಅರ್ಲಿ’, ಆಮೇಲೆ ಭಾರ ಹೊರುವವು ‘ಲೇಟ್’. ನಾನು ಯೋಚಿಸದೆ ‘ಮೊದಲ ಹಿಸ್ಟೋನ್ ಜೀನ್’, ‘ತಡದ ಹಿಸ್ಟೋನ್ ಜೀನ್’ ಅಂತ ಬರೆದೆ. ಕರಡು ಓದಿದ ಗೆಳತಿಯೊಬ್ಬರು ಕೇಳಿದರು, “ತಡೆದ ಜೀನ್ ಅಂದ್ರೆ ಯಾವುದು? ತಡೆದು ನಿಲ್ಲಿಸೋದು ಮೊದಲಿನ ಗುಂಪನ್ನಲ್ವಾ?” ಅಂತ. ನೋಡಿ, ‘ತಡದ’ ಅಂತ ಬರೆದಿದ್ದನ್ನು ಅವರು ‘ತಡೆದ’ ಅಂತ ಓದಿದ್ದರು. ಒಂದು ಎತ್ವದ ವ್ಯತ್ಯಾಸ. ಅರ್ಥ ಮಾತ್ರ ಪೂರ್ತಿ ತಿರುಗಾಮುರುಗಾ.

ಯಾಕೆ ತಿರುಗಾಮುರುಗಾ ಅಂತ ಹೇಳಬೇಕಾದರೆ ವಿಷಯವನ್ನು ಸ್ವಲ್ಪ ಬಿಡಿಸಬೇಕು.

ಹಿಸ್ಟೋನ್ ಅಂದರೆ ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನ್. ಎಂಟು ಹಿಸ್ಟೋನ್‌ಗಳು ಸೇರಿ ಒಂದು ಉಂಡೆ, ಅದರ ಸುತ್ತ 147 ಅಕ್ಷರಜೋಡಿಯಷ್ಟು ಡಿಎನ್‌ಎ. ಜೀವಕೋಶ ಎರಡಾಗುವಾಗ ಡಿಎನ್‌ಎ ದುಪ್ಪಟ್ಟಾಗುತ್ತದೆ, ಹಾಗಾಗಿ ಹಿಸ್ಟೋನೂ ದುಪ್ಪಟ್ಟು ಬೇಕು. ಅರ್ಚಿನ್‌ನ ಮೊಟ್ಟೆ ಫಲಿತವಾದ ಮೇಲೆ ಒಂದರ ಹಿಂದೆ ಒಂದರಂತೆ ಬಿಡುವಿಲ್ಲದೆ ಸೀಳುತ್ತಾ ಹೋಗುತ್ತದೆ. ಅಷ್ಟು ಹಿಸ್ಟೋನ್ ಎಲ್ಲಿಂದ ತರುವುದು? ಅದಕ್ಕೇ ‘ಅರ್ಲಿ’ ಜೀನ್‌ಗಳು ಒಂದೆರಡಲ್ಲ, ನೂರಾರು. ಹಿಸ್ಟೋನ್‌ಗಳಲ್ಲಿ ಐದು ಮುಖ್ಯ ಬಗೆ. ಆ ಐದರ ಜೀನ್‌ಗಳೂ ಆರೇಳು ಸಾವಿರ ಅಕ್ಷರಗಳ ಒಂದು ತುಂಡಿನಲ್ಲಿ ಕೂತಿವೆ, ಆ ತುಂಡು ಒಂದರ ಬಾಲಕ್ಕೆ ಇನ್ನೊಂದರ ತಲೆ ಹತ್ತಿಕೊಂಡು ನೂರಾರು ಸಲ ಮರುಕಳಿಸುತ್ತದೆ. 16 ಕೋಶಗಳ ಹೊತ್ತಿಗೆ ಇವುಗಳ ಕೆಲಸ ಜೋರಾಗುತ್ತದೆ, ಭ್ರೂಣ ಟೊಳ್ಳು ಚೆಂಡಿನ ಹಾಗಾಗಿ ಪೊರೆಯೊಡೆದು ಹೊರಬರುವ ಹೊತ್ತಿಗೆ ಇಳಿದುಬಿಡುತ್ತದೆ. ಆಮೇಲೆ ಭಾರ ಹೊರುವುದು ‘ಲೇಟ್’ ಜೀನ್‌ಗಳು. ಇವು ಕೆಲವೇ ಕೆಲವು ನಕಲು, ಅಷ್ಟುದ್ದದ ಸಾಲೂ ಇಲ್ಲ. ಬೆಳೆದ ಅರ್ಚಿನ್‌ನ ಕೋಶಗಳಲ್ಲೂ ಇವುಗಳ ಕೆಲಸ ಇರುತ್ತದೆ.

ಅಂದರೆ ನಿಜವಾಗಿ ‘ತಡೆದ’ ಜೀನ್ ಅಂದರೆ ಅರ್ಲಿ ಜೀನೇ! ಪ್ಯಾರಾಸೆಂಟ್ರೋಟಸ್ ಲಿವಿಡಸ್ ಅನ್ನುವ ಜಾತಿಯಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ನೋಡಿದ್ದಾರೆ. ಅಲ್ಲಿನ ಅರ್ಲಿ ಎಚ್2ಎ (ಐದು ಬಗೆಯ ಹಿಸ್ಟೋನ್‌ಗಳಲ್ಲಿ ಒಂದು) ಜೀನಿಗೆ ಒಂದು ಎನ್‌ಹಾನ್ಸರ್ ಇದೆ, ಜೀನನ್ನು ಹುರಿದುಂಬಿಸುವ ತುಣುಕು. ಭ್ರೂಣ ಬೆಳೆದ ಮೇಲೂ ಅದಕ್ಕೆ ಹುರಿದುಂಬಿಸುವ ಶಕ್ತಿ ಇರುತ್ತದೆ. ಆದರೆ ಜೀನಿನ ಇನ್ನೊಂದು ತುದಿಯಲ್ಲಿರುವ ಇನ್ಸುಲೇಟರ್ ಅದರ ಪ್ರಭಾವಕ್ಕೆ ಅಡ್ಡ ನಿಲ್ಲುತ್ತದೆ. ಇದನ್ನು ನಾನು ‘ತಡೆ’ ಅಂತಲೇ ಬರೆದಿದ್ದೆ, ‘ಅವಾಹಕ’ ಅಂದರೆ ವಿದ್ಯುತ್ತಿನ ನೆನಪಾಗುತ್ತದೆ ಅಂತ. ಒಂದೇ ಪುಟದಲ್ಲಿ ‘ತಡ’, ‘ತಡೆ’ ಎರಡೂ ಬಂದರೆ ಓದುವವರು ಎಡವದೆ ಇನ್ನೇನು ಮಾಡುತ್ತಾರೆ?

‘ತಡ’ಕ್ಕೆ ಇನ್ನೊಂದು ತೊಡಕಿದೆ. ತಡ ಅಂದರೆ ಬರಬೇಕಾದ ಹೊತ್ತಿಗೆ ಬರದಿರುವುದು. ಈ ಜೀನ್‌ಗಳು ತಡಮಾಡುವುದೇ ಇಲ್ಲ, ಸರಿಯಾದ ಹೊತ್ತಿಗೇ ಬರುತ್ತವೆ. ಅಷ್ಟೇ ಅಲ್ಲ, ಇವುಗಳಿಂದ ನಕಲಾಗುವ ಆರ್‌ಎನ್‌ಎ ಸ್ವಲ್ಪ ಮಟ್ಟಿಗೆ ಶುರುವಿನಿಂದಲೂ ಇರುತ್ತದೆ, ಏರುವುದು ಮಾತ್ರ ಆಮೇಲೆ.

‘ಮೊದಲ’ ಅನ್ನುವುದೂ ಸರಿಹೋಗುವುದಿಲ್ಲ. ಅರ್ಲಿಗಿಂತ ಮುಂಚೆ ಇನ್ನೊಂದು ಗುಂಪಿದೆ, ಸೀಳಿಕೆ ಹಂತದ ಹಿಸ್ಟೋನ್‌ಗಳು. ತಾಯಿ ಮೊಟ್ಟೆಯಲ್ಲಿ ಕಟ್ಟಿಟ್ಟ ಬುತ್ತಿ ಅದು. ವೀರ್ಯಾಣು ತಂದ ತನ್ನದೇ ಬಗೆಯ ಹಿಸ್ಟೋನ್‌ಗಳ ಜಾಗಕ್ಕೆ ಮೊದಲು ಬಂದು ಕೂರುವುದು ಈ ಬುತ್ತಿಯ ಹಿಸ್ಟೋನ್‌ಗಳೇ. 1975ರಲ್ಲಿ ಈ ಹಂತ ಹಂತದ ಬದಲಾವಣೆಯನ್ನು ತೋರಿಸಿದ ಮೇಲೆ ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಅನ್ನುವ ಹೆಸರುಗಳೂ ಬಳಕೆಗೆ ಬಂದವು, ಅರ್ಲಿಯವು ಆಲ್ಫಾ. ಆದರೆ ಸುಮ್ನೆ ಗ್ರೀಕ್ ಅಕ್ಷರ ಹಚ್ಚಿದರೆ ಓದುವವರಿಗೆ ಹೊತ್ತಿನ ಸುಳಿವೇ ಸಿಗುವುದಿಲ್ಲ.

ಇದೇ ಕರಡಿನಲ್ಲಿ ಇನ್ನೊಂದು ಪದ ಸಿಕ್ಕಿತು, ಹೇಳಿಬಿಡುತ್ತೇನೆ. ‘ಆರ್ಫಾನ್’. ಸಾಲಿನಿಂದ ಬೇರೆಯಾಗಿ ಜೀನೋಮಿನಲ್ಲಿ ಇನ್ನೆಲ್ಲೋ ಒಂಟಿಯಾಗಿ ಕೂತ ಹಿಸ್ಟೋನ್ ಜೀನಿಗೆ 1981ರಲ್ಲಿ ಇಟ್ಟ ಹೆಸರು. ‘ಅನಾಥ ಜೀನ್’ ಅನ್ನಬೇಡಿ ದಯವಿಟ್ಟು. ಆ ಹೆಸರು ನಂಟರೇ ಸಿಗದ ಜೀನಿಗೆ ಹೊಂದುತ್ತದೆ, ಇಲ್ಲಿ ನೂರಾರು ನಂಟರಿದ್ದಾರೆ. ‘ಹಿಂಡು ಬಿಟ್ಟ ಜೀನ್’ ಅಂತ ಬರೆದಿದ್ದೇನೆ, ನನಗೆ ಅದು ಒಪ್ಪಿಗೆಯಾಗಿದೆ. ಸಾಲಿನಲ್ಲೇ ಉಳಿದ ನಕಲುಗಳು ಬಿಡಿಬಿಡಿಯಾಗಿ ಬದಲಾಗದೆ ಒಂದನ್ನೊಂದು ಹೋಲುತ್ತಾ ಬರುವುದಕ್ಕೆ ‘ಒಟ್ಟೊಟ್ಟಿಗಿನ ವಿಕಾಸ’ ಅಂದೆ. ‘ಸಹವಿಕಾಸ’ ಅಂದಿದ್ದರೆ ಎರಡು ಜಾತಿಗಳು ಒಂದಕ್ಕೊಂದು ಹೊಂದಿಕೊಂಡು ಬದಲಾಗುವ ಹೂವು ಮತ್ತು ಕೀಟದ ಕಥೆಗೆ ಹೋಗಿಬಿಡುತ್ತಿತ್ತು.

ಈಗ ನನ್ನ ಪ್ರಶ್ನೆ. ‘ಹಿಂದಿನ’ ಅಂದರೆ ನಮಗೆ ಕಳೆದುಹೋದದ್ದು: ಹಿಂದಿನ ಕಾಲ, ಹಿಂದಿನ ವಾರ. ಆದರೆ ಮುಂಗಾರು, ಹಿಂಗಾರು ಅನ್ನುವಾಗ ‘ಮುಂ’ ಅಂದರೆ ಮೊದಲು ಬರುವುದು, ‘ಹಿಂ’ ಅಂದರೆ ಆಮೇಲೆ ಬರುವುದು. ನಮ್ಮ ನುಡಿಯಲ್ಲೇ ಈ ಜೋಡಿ ಸಿದ್ಧವಾಗಿದೆ ಅಲ್ವಾ? ಇದರ ಜೊತೆಗೆ ‘ಪಾಳಿ’ ಅನ್ನುವ ಪದ ಸೇರಿಸಿದರೆ ಒಂದು ಗುಂಪು ಕೆಲಸ ಇಳಿಸಿ ಇನ್ನೊಂದಕ್ಕೆ ಒಪ್ಪಿಸುವ ಭಾವವೂ ಬರುತ್ತದೆ. ‘ಮುಂಪಾಳಿ ಹಿಸ್ಟೋನ್’, ‘ಹಿಂಪಾಳಿ ಹಿಸ್ಟೋನ್’. ನೂರಾರು ನಕಲುಗಳು ಒಟ್ಟಿಗೆ ಮುಗಿಬಿದ್ದು ದುಡಿದು ಹೋಗುವುದು ಮುಂಪಾಳಿ, ಕೆಲವೇ ನಕಲುಗಳು ಕೊನೆವರೆಗೆ ನಡೆಸಿಕೊಂಡು ಹೋಗುವುದು ಹಿಂಪಾಳಿ.

ಎರಡು ಅನುಮಾನ ಉಳಿದಿವೆ. ‘ಹಿಂಪಾಳಿ’ ಕೇಳಿದ ತಕ್ಷಣ ನಿಮಗೆ ‘ಹಿಂದಿನ ಪಾಳಿ’, ಅಂದರೆ ಆಗಲೇ ಮುಗಿದ ಪಾಳಿ ಅನ್ನಿಸುತ್ತದೆಯೇ? ಹಾಗನ್ನಿಸಿದರೆ ಇಡೀ ಜೋಡಿಯೇ ಬೇಡ, ‘ಎಳೆಹಂತದ’, ‘ಬಲಿತ ಹಂತದ’ ಅನ್ನುವುದಕ್ಕೆ ಹೋಗುತ್ತೇನೆ. ಎರಡನೆಯದು, ‘ಕಾರು’ ‘ಗಾರು’ ಆಗಿ ಮುಂಗಾರು, ‘ತಲೆ’ ‘ದಲೆ’ ಆಗಿ ಮುಂದಲೆ ಆದ ಹಾಗೆ ಇದು ‘ಮುಂಬಾಳಿ’ ಆಗಬೇಕೇ? ‘ಹಿಂಪಡೆ’ಯಲ್ಲಿ ಪಕಾರ ಹಾಗೇ ಉಳಿದಿದೆಯಲ್ಲ ಅನ್ನುವ ಧೈರ್ಯದಿಂದ ನಾನು ‘ಮುಂಪಾಳಿ’ ಅಂತ ಇಟ್ಟಿದ್ದೇನೆ. ‘ಬಾಳಿ’ ಅಂದರೆ ಪಾಳಿ ಕಿವಿಗೆ ಬೀಳುವುದೇ ಇಲ್ಲ. ವ್ಯಾಕರಣ ಬಲ್ಲವರು ಏನನ್ನುತ್ತೀರಿ?