ಅಪ್‌ಡೇಟ್: ಕ್ಲಬ್‌ಹೌಸ್ ಅಡುಗೆಮನೆಯ ಸುಳ್ಳು ಫೈರ್ ಅಲಾರಂ ನಿಂತಿತು

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್‌ನಲ್ಲಿ ಇಡ್ಲಿ ಬೇಯಿಸಿದಾಗಲೆಲ್ಲ ಫೈರ್ ಅಲಾರಂನ ಹೂಟರ್ (ಸೈರನ್) ಕೂಗುತ್ತೆ, ಏನು ಮಾಡೋದು ಅಂತ ಹಿಂದೆ ಇಲ್ಲಿ ಕೇಳಿದ್ದೆ, ಅದರ ಮುಂದಿನ ಕಥೆ.

ಬ್ಲೋವರ್‌ನಿಂದ ಡಿಟೆಕ್ಟರ್ ಕ್ಲೀನ್ ಮಾಡಿ ಅಂತ ಇಲ್ಲಿ ಕೆಲವರು ಅಂದಿದ್ದರು, ಪ್ರಯೋಜನ ಆಗಲಿಲ್ಲ. ನಮ್ಮಲ್ಲಿದ್ದ ಬಗೆಯ ಸ್ಮೋಕ್ ಡಿಟೆಕ್ಟರ್ ಒಳಗೆ ಬೆಳಕು ಚದುರಿದರೆ ಅಲಾರಂ. ಹಬೆಯೂ ಹೊಗೆಯ ಹಾಗೇ ಚದುರಿಸುತ್ತೆ. ರೇಟ್ ಆಫ್ ರೈಸ್ ಬಗೆಯ (ಬಿಸಿ ಏರುವ ವೇಗ ನೋಡುವ) ಹೀಟ್ ಡಿಟೆಕ್ಟರೂ ಬೇಡವೆಂದರು ಟೆಕ್ನೀಷಿಯನ್: ದೊಡ್ಡ ಒಲೆ ಹೊತ್ತಿಸಿದ ತಕ್ಷಣ ಬಿಸಿ ಸರ್ರನೆ ಏರಿದರೆ ಅದೂ ಕೂಗುತ್ತೆ. ಕೊನೆಗೆ ಕೆಲಸ ಮಾಡಿದ್ದು ಇಲ್ಲೊಬ್ಬರು ಹೇಳಿದ್ದ 57 ಡಿಗ್ರಿಯ ಫಿಕ್ಸೆಡ್ ಹೀಟ್ ಡಿಟೆಕ್ಟರ್, ಅಂದರೆ ಬಿಸಿ ಅಷ್ಟು ಮುಟ್ಟಿದಾಗ ಮಾತ್ರ ಕೂಗುವಂಥದ್ದು. ಹಳೇ ಡಿಟೆಕ್ಟರ್‌ನ ಕಂಪನಿಯ ಅದೇ ಸರಣಿಯದ್ದೇ ತಗೊಳ್ಳಿ, ಹಳೇ ಬೇಸ್‌ಗೆ (ಡಿಟೆಕ್ಟರ್ ಕೂರಿಸುವ ತಳಭಾಗ) ಕೂರುತ್ತೆ.

ನಿಜವಾದ ಆಶ್ಚರ್ಯ ಬೇರೆ. ಝೋನ್ ವೈರಿನ (ಒಂದು ಭಾಗದ ಡಿಟೆಕ್ಟರ್‌ಗಳನ್ನೆಲ್ಲ ಅಲಾರಂ ಪ್ಯಾನೆಲ್‌ಗೆ ಜೋಡಿಸುವ ವೈರ್) ಕಟ್ಟಕಡೆಯ ಬೇಸ್‌ನಲ್ಲಿ ಇರಬೇಕಾದ ಎಂಡ್ ಆಫ್ ಲೈನ್ ರೆಸಿಸ್ಟರ್ (ವೈರ್ ತುದಿವರೆಗೂ ಸರಿಯಿದೆಯಾ ಅಂತ ಪ್ಯಾನೆಲ್‌ಗೆ ತಿಳಿಸುವ ಪುಟ್ಟ ಬಿಡಿಭಾಗ) ನಡುವೆಯೇ ಕೂತಿತ್ತು. ಹಿಂದೆ ಯಾರೋ ಲೈನ್ ಉದ್ದ ಮಾಡಿ ಅದನ್ನು ಅಲ್ಲೇ ಬಿಟ್ಟಿದ್ದಾರೆ. ಅದರಾಚೆ ವೈರ್ ತುಂಡಾದರೂ ಪ್ಯಾನೆಲ್ 'ನಾರ್ಮಲ್' ಅಂತಲೇ ತೋರಿಸುತ್ತೆ! ಪರೀಕ್ಷೆ ಸುಲಭ: ಕೊನೆಯ ಡಿಟೆಕ್ಟರ್ ಬಿಚ್ಚಿ, ಪ್ಯಾನೆಲ್‌ನಲ್ಲಿ ಫಾಲ್ಟ್ ದೀಪ ಹೊತ್ತಬೇಕು.

ಹೂಟರ್ ವೈರ್ ಕಿತ್ತುಬಿಡಿ ಅಂದವರಿಗೆ: ದಯವಿಟ್ಟು ಬೇಡ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ 4ನೇ ಭಾಗ ಅಲಾರಂ ವಿಷಯಕ್ಕೆ ಐಎಸ್ 2189 ಅನ್ನೇ (ಫೈರ್ ಅಲಾರಂ ಅಳವಡಿಕೆ, ನಿರ್ವಹಣೆಯ ಭಾರತೀಯ ಮಾನದಂಡ) ತೋರಿಸುತ್ತೆ. ಬದಲಾವಣೆ, ಪರೀಕ್ಷೆ ಎಲ್ಲ ಲಾಗ್‌ಬುಕ್‌ನಲ್ಲಿ ಬರೆದಿಡಿ. ಊದುಬತ್ತಿ ಹಿಡಿದು ಟೆಸ್ಟ್ ಮಾಡಬೇಡಿ, ಒಳಗೆ ಮಸಿ ಕೂರುತ್ತೆ. ಟೆಸ್ಟ್ ಸ್ಪ್ರೇ ಸಿಗುತ್ತೆ. ಹೀಟ್ ಡಿಟೆಕ್ಟರ್‌ಗೆ ಹೇರ್ ಡ್ರೈಯರ್ ಸಾಕು. ಅಂದಹಾಗೆ, ನಮ್ಮ ಪ್ಯಾನೆಲ್ ತಾನಾಗಿ ಅಗ್ನಿಶಾಮಕ ಠಾಣೆಗೆ ಸುದ್ದಿ ಮುಟ್ಟಿಸಲ್ಲ, ಸೆಕ್ಯೂರಿಟಿಯವರೇ 112ಕ್ಕೆ ಫೋನ್ ಮಾಡಬೇಕು. ಆ ನಂಬರನ್ನು ಈಗ ಪ್ಯಾನೆಲ್ ಪಕ್ಕ ಅಂಟಿಸಿದ್ದೇವೆ.