ಕ್ಲಾಸ್ ಟು ಅಂದ್ರೆ ಹಲ್ಲು ಜಾಸ್ತಿ ಕೆಟ್ಟಿದೆ ಅಂತಾನಾ?

ಪುಟ್ಟಿ_ಅಮ್ಮ: ಮಗಳಿಗೆ 11 ವರ್ಷ. ಮೇಲಿನ ಮುಂಬದಿ ಹಲ್ಲು ಉಬ್ಬಿದೆ ಅಂತ ತೋರಿಸಿದೆವು. ಡಾಕ್ಟರ್ ಚೀಟಿಯಲ್ಲಿ ‘ಆಂಗಲ್ಸ್ ಕ್ಲಾಸ್ ಟು, ಡಿವಿಷನ್ ಒನ್, ಸಬ್‌ಡಿವಿಷನ್ ರೈಟ್’ ಅಂತ ಬರೆದು, ಕ್ಲಿಪ್ ಹಾಕಿಸಬೇಕು ಅಂದರು. ನಮ್ಮನೆಯವರು ಕ್ಲಾಸ್ ತ್ರೀ ಆಗೋಕೆ ಮುಂಚೆ ಬೇಗ ಹಾಕಿಸೋಣ ಅಂತ ಅವಸರ ಮಾಡುತ್ತಿದ್ದಾರೆ. ಹಾಗೆಲ್ಲ ಆಗುತ್ತಾ?

ದಂತ_ಪಿಜಿ: ಇಲ್ಲ ಮೇಡಂ, ಇದು ಕಾಯಿಲೆಯ ಸ್ಟೇಜ್ ಅಲ್ಲ. ಎಡ್ವರ್ಡ್ ಆಂಗಲ್ ಅನ್ನೋ ಅಮೆರಿಕದ ದಂತವೈದ್ಯ 1899ರಲ್ಲಿ ಮಾಡಿದ ವಿಂಗಡಣೆ. ಆರು ವರ್ಷದ ಹೊತ್ತಿಗೆ ಬರುತ್ತಲ್ಲ, ಆ ಮೊದಲ ಕಾಯಂ ದವಡೆ ಹಲ್ಲನ್ನೇ ನೋಡುತ್ತಾರೆ. ಮೇಲಿನದರ ಕೆನ್ನೆ ಕಡೆಯ ಮುಂದಿನ ಮೊನೆ ಕೆಳಗಿನದರ ಹೊರಮೈ ಗೀರಿಗೆ ಸರಿಯಾಗಿ ಕೂತರೆ ಕ್ಲಾಸ್ ಒನ್. ಕೆಳಗಿನ ಹಲ್ಲು ಹಿಂದಿದ್ದರೆ ಟು, ಮುಂದಿದ್ದರೆ ತ್ರೀ. ಎರಡೂ ವಿರುದ್ಧ ದಿಕ್ಕು, ಟು ಬೆಳೆದು ತ್ರೀ ಆಗೋದಲ್ಲ. ಕ್ಲಾಸ್ ಒನ್‌ನಲ್ಲೂ ಹಲ್ಲು ವಕ್ರವಾಗಿ, ಒತ್ತೊತ್ತಾಗಿ ಇರಬಹುದು. ಡಿವಿಷನ್ ಒನ್ ಅಂದರೆ ಮೇಲಿನ ಮುಂದಿನ ಹಲ್ಲು ಉಬ್ಬಿರೋದು, ಡಿವಿಷನ್ ಟುನಲ್ಲಿ ನಡುವಿನ ಎರಡು ಒಳಕ್ಕೆ ವಾಲಿರುತ್ತವೆ. ಸಬ್‌ಡಿವಿಷನ್ ರೈಟ್ ಅಂದರೆ ಬಲಗಡೆ ಮಾತ್ರ ಹಾಗಿದೆ, ಎಡಗಡೆ ಸರಿ ಇದೆ.

ಹಳೇ_ಇಕ್ಕಳ: ಒಂದೇ ಕಡೆ ಅಂತೀರಲ್ಲ, ಬಲಗಡೆ ಮೇಲಿನ ಹಾಲು ಹಲ್ಲು ಯಾವುದಾದರೂ ಬೇಗ ಕೀಳಿಸಿದ್ದಿರಾ?

ಪುಟ್ಟಿ_ಅಮ್ಮ: ಹೌದು ಸರ್! ಹುಳುಕಾಗಿ ಊದಿಕೊಂಡಿತ್ತು, ಏಳನೇ ವಯಸ್ಸಿನಲ್ಲಿ ಹಿಂದಿನದೊಂದು ತೆಗೆಸಿದ್ದೆವು. ಹಾಲು ಹಲ್ಲು ತಾನೇ, ಹೇಗೂ ಬೀಳುತ್ತೆ ಅಂತ ಎಲ್ಲರೂ ಅಂದರು.

ಹಳೇ_ಇಕ್ಕಳ: ಎಲ್ಲರೂ ಅನ್ನೋದು ಅದನ್ನೇ. ಆ ಜಾಗ ಖಾಲಿ ಆದಾಗ ಹಿಂದಿನ ಕಾಯಂ ದವಡೆ ಹಲ್ಲು ಮುಂದಕ್ಕೆ ಜರುಗಿರಬಹುದು. ಮೇಲಿನ ಈ ಹಲ್ಲು ಅಲ್ಲಾಡದ ಗುರುತು ಅಂತ ಆಂಗಲ್ ನಂಬಿದ್ದ, ಅಲ್ಲೇ ಈ ಪದ್ಧತಿ ಕುಂಟೋದು. ಕೆಳದವಡೆಯೇ ಚಿಕ್ಕದಾಗಿದ್ದರೂ ಕ್ಲಾಸ್ ಟು, ಮೇಲಿನ ಹಲ್ಲು ಜರುಗಿದ್ದರೂ ಕ್ಲಾಸ್ ಟು, ಆದರೆ ಚಿಕಿತ್ಸೆ ಬೇರೆ ಬೇರೆ. ದವಡೆ ಚಿಕ್ಕದಿದ್ದರೆ ಬೆಳೆಯೋ ವಯಸ್ಸಲ್ಲೇ ಅದಕ್ಕೆ ಬೇರೆ ಅಪ್ಲಯನ್ಸ್ (ಬಾಯಿಗೆ ಹಾಕೋ ಸಾಧನ) ಕೊಡುತ್ತಾರೆ, ಹಲ್ಲು ಜರುಗಿದ್ದರೆ ಅದನ್ನ ಹಿಂದೆ ತಳ್ಳಿ ಜಾಗ ಮಾಡಬೇಕಾಗಬಹುದು. ಮುಖದ ಪಕ್ಕದ ಎಕ್ಸ್-ರೇ ತೆಗೆದಿದ್ದಾರಾ ಕೇಳಿ. ಮೇಲಿನ ಕೋರೆ ಹಲ್ಲು ಬರೋದೇ 11-12ಕ್ಕೆ, ಅದಕ್ಕೂ ಜಾಗ ಇದೆಯಾ ಕೇಳಿ.

ದಂತ_ಪಿಜಿ: ಮನೆಯಲ್ಲೂ ನೋಡಬಹುದು. ಕಚ್ಚು ಅಂದರೆ ಮಕ್ಕಳು ದವಡೆ ಮುಂದೆ ತಂದುಬಿಡುತ್ತಾರೆ, ಆಮೇಲೆ ಲೆಕ್ಕವೆಲ್ಲ ತಪ್ಪು. ನಾಲಿಗೆ ತುದಿ ಅಂಗುಳದ ಹಿಂದಕ್ಕೆ ತಾಗಿಸಿ ಮೆಲ್ಲಗೆ ಬಾಯಿ ಮುಚ್ಚಿಸಿ, ಚಮಚದ ಹಿಡಿಯಿಂದ ಕೆನ್ನೆ ಸರಿಸಿ ಟಾರ್ಚ್ ಬಿಡಿ.

ಪುಟ್ಟಿ_ಅಮ್ಮ: ಈಗಷ್ಟೇ ನೋಡಿದೆ. ಎಡಗಡೆ ಮೊನೆ ಗೀರಿಗೆ ಸರಿಯಾಗಿ ಕೂರುತ್ತೆ. ಬಲಗಡೆ ಮೊನೆಗೆ ಮೊನೆ ತಾಗಿ ನಿಂತಿದೆ.

ಹಳೇ_ಇಕ್ಕಳ: ಅಂದರೆ ಅರ್ಧ ಮೊನೆಯಷ್ಟು ವ್ಯತ್ಯಾಸ, ಪೂರ್ತಿ ಅಲ್ಲ. ಹಲ್ಲು ಕೀಳಿಸಿದ ವಿಷಯ ಡಾಕ್ಟರಿಗೆ ಮೊದಲು ಹೇಳಿ, ಆಮೇಲೆ ಕ್ಲಿಪ್ ಮಾತು.